ಹೆಬ್ಬೆಟ್ಟಿನಿಂದ ಶುರುವಾಗುವ ಅಕ್ಷರ

ನಾವು ಹೆಬ್ಬೆಟ್ಟಿನ ಜನ. ಮುತ್ತಜ್ಜ ಒತ್ತಿದ, ಅಜ್ಜ ಒತ್ತಿದ, ಅಪ್ಪ ಒತ್ತಿದ. ಒಡೆಯರ ಸಾಲದ ಪುಸ್ತಕದಲ್ಲಿ ಒತ್ತಿದರು, ಗೇಣಿ ಚೀಟಿಯಲ್ಲಿ ಒತ್ತಿದರು, ಸೊಸೈಟಿ ಕಾಗದದಲ್ಲಿ ಒತ್ತಿದರು. ನಮ್ಮ ಮನೆತನದ ಚರಿತ್ರೆಗೆ ಬೇರೆ ದಾಖಲೆ ಇಲ್ಲ. ನೀಲಿ ಮಸಿಯ ಹೆಬ್ಬೆಟ್ಟುಗಳನ್ನು ಸಾಲಾಗಿ ಜೋಡಿಸಿದರೆ ಅದೇ ಚರಿತ್ರೆ. ಪೆನ್ನು ಹಿಡಿದು ಸಹಿ ಮಾಡಿದ ಮೊದಲನೆಯವರು ನಾವು. ಶಿರಸಿಯ ಕಾಲೇಜಿನಲ್ಲಿ ಬಿ.ಎ. ಪಾಸಾಗಿ ಮನೆಗೆ ಹೋದ ದಿನ ಅವ್ವ ನಮ್ಮ ಬಲಗೈ ಹಿಡಿದು ಆಚೀಚೆ ತಿರುಗಿಸಿ ನೋಡಿದಳು. "ಇದ್ಕೆ ಇನ್ನು ಮಸಿ ಹತ್ತೂದಿಲ್ಲ ಅಲ್ದಾ ತಮಾ" ಅಂದಳು.

ಆ ಕೈ ಮಾಡಿದ ಒಂದು ಕೆಲಸವನ್ನು ಹೇಳಲಿಕ್ಕೇ ಈ ಬರಹ.

ನಮ್ಮ ಊರು ಸಿದ್ದಾಪುರ ತಾಲೂಕಿನಲ್ಲಿ. ತೋಟದ ತಲೆಗೆ ಒಡೆಯರ ಹೆಂಚಿನ ಮನೆಗಳು, ಬೆಟ್ಟದ ಬುಡಕ್ಕೆ ನಮ್ಮ ಕೇರಿ. ನಮಗಿಂತ ಎಂಟು ವರ್ಷಕ್ಕೆ ದೊಡ್ಡವಳು ಅಕ್ಕ. ಮೂರು ವರ್ಷದವಳಿದ್ದಾಗ ಅವಳಿಗೆ ಜ್ವರ ಬಂತಂತೆ. ಜ್ವರ ಇಳಿಯಿತು, ಕಿವಿ ಹೋಯಿತು. ಶಾಲೆಗೆ ಕಳಿಸಲಿಲ್ಲ. "ಕೇಳದ ಕೂಸಿಗೆ ಶಾಲೆ ಎಂತಕ್ಕೆ" ಅಂದರು. ಒಡೆಯರೂ ಹಾಗೇ ಅಂದರು, ಮಾಸ್ತರರೂ ಹಾಗೇ ಅಂದರು, ನಮ್ಮವರೂ ಹಾಗೇ ಅಂದರು. ಅವಳಿಗೆ ಚಂದದ ಒಂದು ಹೆಸರಿದೆ. ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವಳು 'ಮೂಗಿ'. ನಮ್ಮನ್ನು ಜಾತಿಯಿಂದ ಕೂಗುವ ಊರು ಅವಳನ್ನು ಇನ್ನೊಂದು ಹೆಸರಿಂದ ಕೂಗಿತು. ಜಾತಿಯಿಂದ ಕೂಗಿದರೆ ನಾವು ಸಿಟ್ಟಾಗುತ್ತಿದ್ದೆವು. 'ಮೂಗಿ' ಅಂದರೆ ನಾವೇ ಓ ಅಂದು ಅವಳನ್ನು ಕರೆತರುತ್ತಿದ್ದೆವು.

ಆದರೆ ಅಕ್ಕ ಸುಮ್ಮನಿರುವ ಹೆಂಗಸಲ್ಲ. ದಿನವಿಡೀ ಮಾತಾಡುತ್ತಾಳೆ, ಕೈಯಲ್ಲಿ. ಮನೆಯೊಳಗೆ ಅವಳು ಒಂದು ಭಾಷೆಯನ್ನೇ ಕಟ್ಟಿಕೊಂಡಿದ್ದಾಳೆ. ಮೂಗುತಿ ಹಿಡಿದರೆ ಅವ್ವ. ಹುಬ್ಬಿನ ಮೇಲೆ ಗೀರು ಎಳೆದರೆ ಅಣ್ಣ, ಅವನಿಗೆ ಅಲ್ಲಿ ಗಾಯದ ಕಲೆ ಇದೆ. ಎಡ ಹೆಗಲಿಂದ ಓರೆಯಾಗಿ ದಾರ ಎಳೆದರೆ ಒಡೆಯರು. ನಾಲಗೆ ಚಾಚಿ ಎದೆ ಬಡಿದರೆ ಶಿರಸಿಯ ಮಾರಿಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯಲ್ಲಿ ಅವಳು ಡೊಳ್ಳಿನ ಮಗ್ಗುಲಿಗೇ ನಿಲ್ಲುತ್ತಾಳೆ, ಪೆಟ್ಟು ಅವಳ ಎದೆಗೆ ತಾಗುತ್ತದೆ. ನಾವು ಚಿಕ್ಕವರಿದ್ದಾಗ ಹೆಬ್ಬೆರಳು ಚೀಪುತ್ತಿದ್ದೆವು. ಹಾಗಾಗಿ ಅವಳ ಭಾಷೆಯಲ್ಲಿ ನಮ್ಮ ಹೆಸರು ಬಾಯಿಗೆ ಹೆಬ್ಬೆರಳು. ಬಿ.ಎ. ಆದ ಮೇಲೂ ಅದೇ ಹೆಸರು.

ಇನ್ನೊಂದು ಸನ್ನೆ ಹೇಳಬೇಕು. ಎಡ ಅಂಗೈ ಮೇಲೆ ಬಲಗೈ ಅಂಚಿನಿಂದ ಕತ್ತರಿಸಿದಂತೆ ಮಾಡಿದರೆ 'ಪಾಲು'. ರೊಟ್ಟಿ ಹಂಚುವಾಗ, ಸುಲಿದ ಅಡಿಕೆಯ ಕೂಲಿ ಹಂಚುವಾಗ ಆ ಸನ್ನೆ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಗುತ್ತಿತ್ತು.

1974ರ ಭೂಸುಧಾರಣೆ ಕಾಯಿದೆ ಬಂದಾಗ ಅಜ್ಜ ಗೇಣಿ ಮಾಡುತ್ತಿದ್ದ ಗದ್ದೆಯಲ್ಲಿ 20 ಗುಂಟೆ ಅವನ ಹೆಸರಿಗೆ ಆಯಿತು. ಉಳುವವನೇ ಒಡೆಯ ಅಂದ ಕಾಲ ಅದು. ಅಜ್ಜನಿಂದ ಅಪ್ಪನಿಗೆ ಬಂತು. ಅಪ್ಪ ತೀರಿಕೊಂಡ ಮೇಲೆ ಅವ್ವ, ಅಣ್ಣ, ಅಕ್ಕ, ನಾವು ನಾಲ್ಕು ಜನ ವಾರಸುದಾರರು. 2019ರಲ್ಲಿ ಅಣ್ಣ ಸಾಲ ತೆಗೆದು ಮನೆ ಕಟ್ಟಲು ಹೊರಟ. ಪಹಣಿ ಒಬ್ಬನ ಹೆಸರಿಗೆ ಇದ್ದರೆ ಸಲೀಸು ಅಂತ ಪತ್ರ ಬರಹಗಾರ ಹೇಳಿದ. ಹಕ್ಕು ಬಿಡುಗಡೆ ಪತ್ರ ತಯಾರಾಯಿತು. ಅಕ್ಕನಿಗೆ ಹೇಗೆ ಹೇಳುವುದು ಅಂತ ನಾವು ಕೇಳಿದ್ದಕ್ಕೆ ಅಣ್ಣ, "ಅದ್ಕೆ ಎಂತಾ ತಿಳೀತದೆ ಮಾರಾಯ, ಹೆಬ್ಬೆಟ್ಟು ಒತ್ಸಿದ್ರಾಯ್ತು" ಅಂದ. ಅವಳ ಎದುರಿಗೆ ಹೆಬ್ಬೆರಳು ತೋರುಬೆರಳು ತಿಕ್ಕಿ ದುಡ್ಡಿನ ಸನ್ನೆ ಮಾಡಿದ. ಅವಳು ತನ್ನ ಮಾಸಾಶನದ ಕಾಗದ ಅಂದುಕೊಂಡಳು. ಹೊಸ ಸೀರೆ ಉಟ್ಟು ಕಚೇರಿಗೆ ಬಂದಳು. ಹೆಬ್ಬೆಟ್ಟು ಒತ್ತಿ ನಮ್ಮ ಕಡೆ ನೋಡಿ ನಕ್ಕಳು.

ಸಾಕ್ಷಿ ಅಂತ ಬರೆದ ಜಾಗದಲ್ಲಿ ಸಹಿ ನಮ್ಮದು. ಮನೆತನದ ಮೊದಲ ಸಹಿ ಬಿದ್ದದ್ದು ಅಲ್ಲಿ.

ಪಾಲಿನ ಸನ್ನೆ ನಮಗೆ ಗೊತ್ತಿತ್ತು. ಅಂಗೈ ಮೇಲೆ ಒಂದು ಸಲ ಕೈ ಆಡಿಸಿ ಗದ್ದೆ ಕಡೆ ತೋರಿಸಿದ್ದರೆ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ನಾವು ಮಾಡಲಿಲ್ಲ. ಅವಳಿಗೆ ಭಾಷೆ ಇಲ್ಲ ಅಂತ ಊರು ಹೇಳುತ್ತಿತ್ತು. ಆ ದಿನ ಊರಿನ ಮಾತು ನಮಗೆ ಅನುಕೂಲವಾಗಿತ್ತು.

ಗೆಳೆಯರೆ, ಆ ಕಾಲಕ್ಕೆ ನಾವು ಬಂಡಾಯದ ಕವಿ ಅಂತ ಶಿರಸಿಯ ಹಾಸ್ಟೆಲಿನಲ್ಲಿ ಹೆಸರು ಮಾಡಿದ್ದೆವು. ಪ್ರತಿ ವರ್ಷ ಡಿಸೆಂಬರ್ 25ಕ್ಕೆ, 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟ ನೆನಪಿಗೆ, ಭಾಷಣ ಮಾಡುತ್ತಿದ್ದೆವು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಹೇಳುತ್ತದೆ ಎಂದು ಗುಡುಗುತ್ತಿದ್ದೆವು. ಅದು ನಿಜ. ಆದರೆ ಮನುವಿನ ಒಂಬತ್ತನೆಯ ಅಧ್ಯಾಯವನ್ನು ನಾವು ಓದಿರಲಿಲ್ಲ. ಹುಟ್ಟುಕಿವುಡರಿಗೆ, ಮೂಕರಿಗೆ, ಕುರುಡರಿಗೆ ಆಸ್ತಿಯಲ್ಲಿ ಪಾಲಿಲ್ಲ ಎಂದು ಅಲ್ಲಿ ಬರೆದಿದೆ. ನಮ್ಮ ಕಿವಿಗೆ ಸೀಸ ಹೊಯ್ದವರು, ಕಿವಿ ಕೇಳದವರ ಪಾಲನ್ನೂ ಕಿತ್ತುಕೊಂಡಿದ್ದರು. ಬ್ರಿಟಿಷರ ಕಾಲದಲ್ಲೇ, 1928ರಲ್ಲಿ, ಒಂದು ಕಾಯಿದೆ ಆ ನಿಷೇಧವನ್ನು ತೆಗೆದುಹಾಕಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ರೋಗ ಅಥವಾ ಅಂಗದೋಷದ ಕಾರಣಕ್ಕೆ ಯಾರ ಪಾಲೂ ತಪ್ಪಬಾರದು ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಎಲ್ಲರಂತೆ ಆಸ್ತಿ ಹೊಂದುವ, ಆಸ್ತಿಗೆ ವಾರಸುದಾರರಾಗುವ ಹಕ್ಕನ್ನು ಮತ್ತೆ ಬರೆದು ಕೊಟ್ಟಿತು. ಅದು 2017ರ ಏಪ್ರಿಲ್‌ನಿಂದಲೇ ಜಾರಿಯಲ್ಲಿತ್ತು. ಇಷ್ಟೆಲ್ಲ ಆದ ಮೇಲೆ 2019ರಲ್ಲಿ ಸಿದ್ದಾಪುರದ ಒಂದು ಕೇರಿಯ ಮನೆಯಲ್ಲಿ ಮನುವಿನ ಕೆಲಸವನ್ನು ನಾವೇ ಮಾಡಿ ಮುಗಿಸಿದೆವು. ಒಡೆಯರು ಹೇಳಿಕೊಟ್ಟಿರಲಿಲ್ಲ. ಪುರೋಹಿತರು ಬಂದಿರಲಿಲ್ಲ.

ನಮ್ಮ ಪದ್ಯಗಳನ್ನು ಈಗ ತೆಗೆದು ನೋಡಿದರೆ 'ಕಿವುಡು ಸರ್ಕಾರ' ಇದೆ, 'ಮೂಗ ದೇವರು' ಇದೆ. ಬಾಬಾಸಾಹೇಬರು 1920ರ ಜನವರಿ 31ರಂದು ಶುರುಮಾಡಿದ ಮರಾಠಿ ಪತ್ರಿಕೆಗೆ 'ಮೂಕನಾಯಕ' ಎಂದು ಹೆಸರಿಟ್ಟರು. ಬಾಯಿದ್ದೂ ಮಾತಾಡಗೊಡದ ಜನರ ಸಿಟ್ಟು ಆ ಹೆಸರಿನಲ್ಲಿದೆ, ಅದರ ಋಣದಲ್ಲೇ ನಾವು ಬದುಕಿದ್ದೇವೆ. ಆದರೆ ಬಾಯಿಂದ ಮಾತಾಡದ ಒಬ್ಬಳು ನಮ್ಮ ಮನೆಯಲ್ಲೇ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಗ, ನಮಗೆ ಕಿವುಡು, ಮೂಕ ಎಂಬುವು ಪದ್ಯಕ್ಕೆ ಬೇಕಾದ ಉಪಮೆ ಮಾತ್ರ ಆಗಿದ್ದವು. ನಮ್ಮ ಪತ್ರಿಕೆಗಳಲ್ಲಿ ಬರೆಯುವ ಎಷ್ಟೋ ಸಂಗಾತಿಗಳ ಪದ್ಯಗಳಲ್ಲೂ ಅವು ಹಾಗೇ ಇವೆ. ಬೈಯಲಿಕ್ಕೆ ನಮಗೆ ಸಿಕ್ಕ ಮಾತು ಇನ್ನೊಬ್ಬರ ಮೈ.

2021ರಲ್ಲಿ ಯಲ್ಲಾಪುರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕನ ಕೆಲಸ ಸಿಕ್ಕಿತು. ಕಾಡಿನ ನಡುವೆ ಶಾಲೆ. ಮಕ್ಕಳಲ್ಲಿ ಅರ್ಧದಷ್ಟು ಸಿದ್ದಿಗಳು. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮೂರನೆ ಇಯತ್ತೆಯಲ್ಲಿ ಒಬ್ಬ ಸಿದ್ದಿ ಹುಡುಗ ಕಿಟಕಿ ಪಕ್ಕ ಕೂರುತ್ತಿದ್ದ. ಹಾಜರಿ ಕರೆದರೆ ಓ ಅನ್ನುತ್ತಿರಲಿಲ್ಲ. ಅವನ ಪಟ್ಟಿ ತುಂಬ ಅಕ್ಷರ ದುಂಡಗೆ ಇತ್ತು. ಹಲಗೆಯನ್ನು ನೋಡಿ ಚಿತ್ರದ ಹಾಗೆ ಇಳಿಸುತ್ತಿದ್ದ, ಒಂದರ ಅರ್ಥವೂ ಅವನಿಗೆ ಗೊತ್ತಿರಲಿಲ್ಲ. ನಮಗಿಂತ ಮೊದಲಿದ್ದ ಒಬ್ಬರು ಅವನು ಕೈ ಆಡಿಸಿದಾಗಲೆಲ್ಲ ಡೆಸ್ಕಿನ ಮೇಲೆ ಕೈ ಒತ್ತಿಹಿಡಿದು "ಬಾಯಿ ನೋಡು" ಅನ್ನುತ್ತಿದ್ದರಂತೆ. ಮಕ್ಕಳು ಹೇಳಿದರು.

ಬಾಯಿ ನೋಡಿ ಕಲಿಯುವುದು ಎಂದರೆ ಏನು ಎಂಬುದನ್ನು ಶಿಕ್ಷಕ ಬಂಧುಗಳು ಕನ್ನಡಿ ಮುಂದೆ ನಿಂತು ಒಮ್ಮೆ ನೋಡಬೇಕು. ದನಿ ಹೊರಡಿಸದೆ ಮರ, ಬರ, ಪರ ಅನ್ನಿರಿ. ಮೂರಕ್ಕೂ ತುಟಿ ಒಂದೇ ತರ ಮುಚ್ಚಿ ತೆರೆಯುತ್ತದೆ. ಮಾವನೂ ಭಾವನೂ ಒಂದೇ. ಕ, ಗ ಗಂಟಲ ಹತ್ತಿರ ಹುಟ್ಟುವ ಅಕ್ಷರಗಳು, ಹೊರಗಿಂದ ಕಾಣುವುದೇ ಇಲ್ಲ. ಕೇಳಿಸಿಕೊಂಡು ಭಾಷೆ ಕಲಿತವರು ತುಟಿ ನೋಡಿ ಒಂದಿಷ್ಟು ಊಹಿಸಬಹುದು. ಭಾಷೆಯನ್ನೇ ಕೇಳದ ಕೂಸು ಯಾವುದರ ಮೇಲೆ ಊಹಿಸಬೇಕು?

ಕೈ ಒತ್ತಿಹಿಡಿಯುವ ಈ ಪದ್ಧತಿ ಯಲ್ಲಾಪುರದ ಕಾಡಿನಲ್ಲಿ ಹುಟ್ಟಿದ್ದಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ದೊಡ್ಡ ಸಭೆ ಸೇರಿತು. ಕಿವುಡ ಮಕ್ಕಳಿಗೆ ಬಾಯಿಮಾತಿನಿಂದಲೇ ಕಲಿಸಬೇಕು, ಕೈಭಾಷೆ ಬೇಡ ಎಂದು ಠರಾವು ಮಾಡಿದರು. ಸೇರಿದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರು. ಆ ಠರಾವಿನ ನೆರಳು ದೇಶದೇಶದ ಶಾಲೆಗಳ ಮೇಲೆ ಬಿತ್ತು. ಅದು ತಪ್ಪಾಯಿತೆಂದು ಅದೇ ಸರಣಿಯ ಸಭೆ ವ್ಯಾಂಕೂವರಿನಲ್ಲಿ ವಿಷಾದ ಹೇಳಿದ್ದು 2010ರಲ್ಲಿ. ಲೆಕ್ಕ ಹಾಕಿರಿ, 130 ವರ್ಷ. ಯಾರ ಬಗ್ಗೆ ತೀರ್ಮಾನವೋ ಅವರನ್ನೇ ಹೊರಗಿಟ್ಟು ಸಭೆ ನಡೆಸುವುದು ಹೇಗಿರುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗನಿಗಾಗಿ ಏನಾದರೂ ಮಾಡಬೇಕು ಅನಿಸಿತು. ನಿಜ ಹೇಳಬೇಕೆಂದರೆ ಅಕ್ಕನ ಹೆಬ್ಬೆಟ್ಟು ಕಣ್ಣ ಮುಂದೆ ಇತ್ತು. 2022ರ ದೀಪಾವಳಿ ರಜೆಯಲ್ಲಿ ನಾವು ಮೊಬೈಲಿನಲ್ಲಿ ಹುಡುಕಿ ಕೈಅಕ್ಷರದ ಒಂದು ಚಿತ್ರ ತೆಗೆದೆವು. ಎ ಇಂದ ಝಡ್‌ವರೆಗೆ 26 ಕೈಗಳು. ಶಾಲೆಯ ಜಗುಲಿಯ ಗೋಡೆಗೆ ಸುಣ್ಣ ಹೊಡೆದು ಸ್ವಂತ ದುಡ್ಡಿನ ಬಣ್ಣದಲ್ಲಿ ಆ 26 ಕೈ ಬರೆದೆವು. ಮೇಲೆ ದಪ್ಪಕ್ಷರದಲ್ಲಿ 'ಕಿವುಡರ ಅಕ್ಷರಮಾಲೆ' ಎಂದು ಬರೆದೆವು. ಊರವರು ಬಂದು ನೋಡಿ ಶಭಾಸ್ ಅಂದರು. ಫೋಟೋ ತೆಗೆದು ಶಿರಸಿಯ ಗೆಳೆಯರಿಗೆಲ್ಲ ತೋರಿಸಿದೆವು.

ಶಿರಸಿಯ ಒಂದು ಟೈಲರ್ ಅಂಗಡಿಯಲ್ಲಿ ಕಿವಿ ಕೇಳದ ಒಬ್ಬ ತರುಣ ಕೆಲಸ ಮಾಡುತ್ತಾನೆ. ದೂರದ ಊರಿನಲ್ಲಿ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಕಲಿತವನು. ಹೆಮ್ಮೆಯಿಂದ ಅವನಿಗೂ ಫೋಟೋ ತೋರಿಸಿದೆವು. ಅವನು ಹೊಲಿಗೆ ನಿಲ್ಲಿಸಿ ನೋಡಿದ, ಮತ್ತೆ ನೋಡಿದ, ಹೊಟ್ಟೆ ಹಿಡಿದು ನಕ್ಕ. ಅಳತೆ ಬರೆಯುವ ಪಟ್ಟಿ ಎಳೆದು ಬರೆದ: "ಇದು ಅಮೆರಿಕ. ನಮ್ದು ಎರಡು ಕೈ."

ನಮಗೆ ಮುಖವೆಲ್ಲ ಬಿಸಿಯಾಯಿತು. ಹುಡುಕುತ್ತ ಹೋದ ಮೇಲೆ ಅವನ ಮಾತು ಪೂರ್ತಿ ತಿಳಿಯಿತು. ಒಂದೇ ಕೈಯಿಂದ ಮಾಡುವ ಆ ಅಕ್ಷರಮಾಲೆಯ ಬೇರು ಸ್ಪೇನಿನಲ್ಲಿದೆ. ಅಲ್ಲಿ ಸಿರಿವಂತ ಮನೆತನಗಳ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹ್ವಾನ್ ಪಾಬ್ಲೊ ಬೊನೆಟ್ ಎಂಬಾತ 1620ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಅದನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಅಲ್ಲಿಂದ ಫ್ರಾನ್ಸಿಗೆ ಹೋಯಿತು. ಫ್ರಾನ್ಸಿನ ಕಿವುಡ ಶಿಕ್ಷಕ ಲೊರಾ ಕ್ಲೆರ್ ಅಮೆರಿಕಕ್ಕೆ ಹೋಗಿ 1817ರಲ್ಲಿ ಗ್ಯಾಲೊಡೆಟ್ ಜೊತೆ ಹಾರ್ಟ್‌ಫರ್ಡಿನಲ್ಲಿ ಶಾಲೆ ತೆರೆದ, ಅಲ್ಲಿ ಬೇರೂರಿತು. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಕಾಣುವುದು ಅದೇ. ಭಾರತದ ಕಿವುಡರು ಇಂಗ್ಲಿಷ್ ಅಕ್ಷರಗಳಿಗೆ ಹೆಚ್ಚಾಗಿ ಬಳಸುವುದು ಎರಡು ಕೈಯ ಅಕ್ಷರಮಾಲೆ, ಬ್ರಿಟನ್ನಿನ ಕಿವುಡರು ಬಳಸುವುದಕ್ಕೆ ಹತ್ತಿರದ್ದು. ನಮ್ಮ ಹಾಗೆ ಒಳ್ಳೆಯ ಮನಸ್ಸಿನಿಂದ ಅಮೆರಿಕದ ಕೈಗಳನ್ನು ಗೋಡೆಗೆ ಬರೆದವರು, ಚಾರ್ಟು ತೂಗುಹಾಕಿದವರು ಇನ್ನೂ ಇದ್ದಾರು. ತಮ್ಮ ಶಾಲೆಯ ಗೋಡೆಯನ್ನು ಒಮ್ಮೆ ನೋಡಿಕೊಳ್ಳಲಿ. ಕೈ ಒಂದೇ ಇದ್ದರೆ ಅದು ಹೆಚ್ಚಾಗಿ ಹೊರಗಿನದು.

ಎರಡು ಕೈಯ ಅಕ್ಷರಮಾಲೆಯನ್ನು ಆ ಟೈಲರ್ ತಮ್ಮ ಅಂಗಡಿಯಲ್ಲೇ ಹೇಳಿಕೊಟ್ಟ. ಎಡಗೈ ಬಿಡಿಸಿ ಹಿಡಿ ಅಂದ. ಐದು ಬೆರಳಿನಲ್ಲಿ ಇಂಗ್ಲಿಷಿನ ಐದು ಸ್ವರ. ಬಲಗೈ ತೋರುಬೆರಳಿನಿಂದ ಒಂದೊಂದರ ತುದಿ ಮುಟ್ಟಿದರೆ ಒಂದೊಂದು. ತೋರುಬೆರಳು ಇ, ನಡುಬೆರಳು ಐ, ಉಂಗುರಬೆರಳು ಒ, ಕಿರುಬೆರಳು ಯು. ಮೊದಲಿನದು, ಎ, ಹೆಬ್ಬೆರಳು.

ನಾವು ಹೆಬ್ಬೆರಳ ತುದಿ ಮುಟ್ಟಿ ಸುಮ್ಮನೆ ಕೂತೆವು. ಮೂರು ತಲೆಮಾರು ಮಸಿ ಹತ್ತಿದ ಬೆರಳು. ಗುರುದಕ್ಷಿಣೆ ಅಂತ ಏಕಲವ್ಯನಿಂದ ಕತ್ತರಿಸಿಕೊಂಡ ಬೆರಳು. ಅಕ್ಕನದನ್ನು ನಾವೇ ಹಿಡಿದು ಒತ್ತಿಸಿದ್ದೆವು. ಇವರ ಅಕ್ಷರಮಾಲೆ ಅಲ್ಲಿಂದ ಶುರುವಾಗುತ್ತದೆ.

ಗೋಡೆ ಅಳಿಸಿದೆವು. ಮತ್ತೆ ಬರೆಯುವ ಮೊದಲು ಅವನನ್ನು ಕೇಳಿದೆವು. ಆಗ ಒಂದೊಂದೇ ತೊಡಕು ಕಂಡವು. ಎಚ್, ಜೆ ಅಕ್ಷರಗಳಲ್ಲಿ ಕೈ ಚಲಿಸಬೇಕು, ನಿಂತ ಚಿತ್ರದಲ್ಲಿ ಅದು ಬರುವುದಿಲ್ಲ. ಬಾಣದ ಗುರುತು ಹಾಕಬೇಕು. ಎದುರಿಗಿದ್ದವನ ಕೈ ಬರೆದರೆ ಮಗು ಅದನ್ನು ಕನ್ನಡಿಯಂತೆ ಅನುಕರಿಸಿ ಎಡಗೈ ಬಲಗೈ ಅದಲುಬದಲು ಮಾಡುತ್ತದೆ. ಎಡಚರು ತಿರುಗಿಸಿ ಮಾಡಿದರೆ ಅಡ್ಡಿಯಿಲ್ಲ, ಆದರೆ 26 ಚಿತ್ರಗಳೂ ಒಂದೇ ಕಡೆಯಿಂದ ನೋಡಿದಂತೆ ಇರಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಕನ್ನಡದ್ದು. ನಮ್ಮ ಅಕ್ಷರ 49. ಮೇಲೆ ಕಾಗುಣಿತ, ಒತ್ತಕ್ಷರ. ಇಂಗ್ಲಿಷಿನ 26ರಲ್ಲಿ ಹೊಂದಿಸಲು ಹೋದರೆ ಮಲೆಯೂ ಮಳೆಯೂ ಒಂದೇ ಆಗುತ್ತವೆ, ಎರಡೂ ಎಂ, ಎ, ಎಲ್, ಇ. ಮಲೆನಾಡಿನಲ್ಲಿ ಮಲೆ ಯಾವುದು ಮಳೆ ಯಾವುದು ಅಂತ ಬೆರಳಿಗೆ ಹೇಳಲಾಗದಿದ್ದರೆ ಹೇಗೆ? ಹಾಗಾಗಿ ನಾವು ಗೋಡೆಯಲ್ಲಿ ಮೂರು ಸಾಲು ಮಾಡಿದೆವು. ಮಳೆಯ ಸನ್ನೆಯ ಚಿತ್ರ, ಪಕ್ಕದಲ್ಲಿ ಮಳೆ ಎಂಬ ಕನ್ನಡ ಬರಹ, ಕೆಳಗೆ ಬೆರಳಕ್ಷರ. ಹುಡುಗ ಮೊದಲ ಬಾರಿ 'ಮಳೆ' ಅಂತ ಬರೆದು ಆಕಾಶ ತೋರಿಸಿದ.

ಆಗ ನಮಗೆ ತಿಳಿದ ಮುಖ್ಯ ಮಾತು ಇದು. ಅಕ್ಷರಮಾಲೆ ಕಿವುಡರ ಭಾಷೆಯ ಒಂದು ಮೂಲೆ ಮಾತ್ರ. ಹೆಸರು, ಊರು, ಸನ್ನೆ ಇಲ್ಲದ ಹೊಸ ಪದ ಹೇಳಲಿಕ್ಕೆ ಅದು. ಭಾಷೆ ಇರುವುದು ಸನ್ನೆಯಲ್ಲಿ, ಮುಖದಲ್ಲಿ, ಕೈ ಚಲಿಸುವ ಜಾಗದಲ್ಲಿ. ಅದಕ್ಕೆ ತನ್ನದೇ ವ್ಯಾಕರಣ ಇದೆ. ಭಾರತೀಯ ಸನ್ನೆಭಾಷೆಯಲ್ಲಿ 'ಏನು', 'ಎಲ್ಲಿ' ಎಂಬ ಪ್ರಶ್ನೆಯ ಸನ್ನೆ ವಾಕ್ಯದ ಕೊನೆಗೆ ಬರುತ್ತದೆ. 'ನಿನ್ನ ಹೆಸರು ಏನು' ಎಂಬ ನಮ್ಮ ಕನ್ನಡದ ಹಾಗೇ. ಅಮೆರಿಕದ ಕಿವುಡರ ಸನ್ನೆಗಳು ನಿಜವಾದ ಭಾಷೆಯೇ ಎಂದು ವಿಲಿಯಂ ಸ್ಟೋಕಿ ಎಂಬ ಪಂಡಿತ ಬರೆದು ತೋರಿಸಿದ್ದು 1960ರಲ್ಲಿ. ದಿಲ್ಲಿಯಲ್ಲಿ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆದದ್ದು 2015ರಲ್ಲಿ. ಅದರ ನಿಘಂಟು 2018ರಲ್ಲಿ 3000 ಪದಗಳಿಂದ ಶುರುವಾಗಿ 2021ಕ್ಕೆ 10,000 ಪದಗಳಿಗೆ ಬಂತು. ಅದರ ವಿಡಿಯೊಗಳನ್ನು ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಬಹುದು. 2011ರ ಜನಗಣತಿಯಲ್ಲಿ ದೇಶದಲ್ಲಿ ಕಿವಿ ಕೇಳದವರೆಂದು ಬರೆಸಿಕೊಂಡವರು 50 ಲಕ್ಷಕ್ಕೂ ಹೆಚ್ಚು. ಅಷ್ಟು ಜನರ ನಡುವೆ ಬದುಕಿರುವ ಭಾಷೆಯನ್ನು ನಾವು 'ಕೈಸನ್ನೆ ಬಾಯಿಸನ್ನೆ' ಅಂತ ಕರೆದು ಸುಮ್ಮನಾಗಿದ್ದೆವು.

ಸಮಾಜಕ್ಕೆ ಕೈಯ ಮಾತು ಗೊತ್ತಿಲ್ಲದ್ದಲ್ಲ. ಪುರೋಹಿತರು ಪೂಜೆಯಲ್ಲಿ ಬೆರಳು ಮಡಿಸಿದರೆ ಅದಕ್ಕೆ ಮುದ್ರೆ ಅನ್ನುತ್ತಾರೆ, ಕೈ ಮುಗಿಯುತ್ತಾರೆ. ನಾಟ್ಯಶಾಲೆಯಲ್ಲಿ ಒಂಟಿ ಕೈಯ 28 ಮುದ್ರೆಗಳನ್ನು ಮಕ್ಕಳಿಗೆ ಶ್ಲೋಕ ಸಮೇತ ಬಾಯಿಪಾಠ ಮಾಡಿಸುತ್ತಾರೆ. ನಮ್ಮ ಜಿಲ್ಲೆಯ ಯಕ್ಷಗಾನದಲ್ಲಿ ಕೈ ತಿರುಗಿಸಿದ ಚಂದಕ್ಕೆ ರಾತ್ರಿಯಿಡೀ ತಲೆದೂಗುತ್ತಾರೆ. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದೇ ರೇಟು ಕುದುರಿಸುತ್ತಾರೆ. ಅದೇ ಕೈ ಅಕ್ಕನದಾದರೆ, ಆ ಸಿದ್ದಿ ಹುಡುಗನದಾದರೆ, ನಗೆ.

ಎರಡನೆಯ ಸಲ ಗೋಡೆಗೆ ಹಾಕಲಿಕ್ಕೆ ಫೋಟೋ ಬೇಕಾಯಿತು. ಅಕ್ಕನ ಕೈಗಳ ಫೋಟೋ ತೆಗೆದೆವು. ಟೈಲರ್ ತಮ್ಮ ವಿಡಿಯೊ ಕಾಲಿನಲ್ಲಿ ಮಾಡಿ ತೋರಿಸುವುದು, ಅಕ್ಕ ನೋಡಿ ಮಾಡುವುದು, ತಪ್ಪಿದರೆ ಅವನು ಆ ಕಡೆಯಿಂದ ತಲೆ ಬಡಿದುಕೊಳ್ಳುವುದು. ಅಡಿಕೆ ಸುಲಿಯುವ ಸುಗ್ಗಿ. ಅವಳ ಬೆರಳೆಲ್ಲ ಅಡಿಕೆಯ ಕಲೆಯಿಂದ ಕಪ್ಪಾಗಿತ್ತು, ಮೆಟ್ಟುಗತ್ತಿ ತಾಗಿದ ಗಾಯಗಳೂ ಇದ್ದವು. ಫೋಟೋ ಅಂಟಿಸಿದ ದಿನ ಶಾಲೆ ನೋಡಲು ಬಂದ ಒಬ್ಬರು "ಚಂದ ಕೈ ಒಂದೂ ಸಿಗ್ಲಿಲ್ವಾ ಮಾಸ್ತರೇ" ಅಂದರು. ಹುಡುಗ ಮಾತ್ರ ಆ ಕೈಗಳನ್ನು ಬಹಳ ಹೊತ್ತು ನೋಡಿದ. ತನ್ನ ಅವ್ವನ ಸನ್ನೆ ಮಾಡಿದ, ಕೈ ತೋರಿಸಿದ. ಅವನ ಅವ್ವನೂ ಸುಗ್ಗಿಯಲ್ಲಿ ಅಡಿಕೆ ಸುಲಿಯುವವಳು.

ಬೆರಳಕ್ಷರ ಕಲಿಸಬೇಕಾದರೆ ಎಷ್ಟೋ ಸಲ ಮಗುವಿನ ಕೈ ಹಿಡಿದು ಬೆರಳು ಮಡಿಸಬೇಕಾಗುತ್ತದೆ. ಕಣ್ಣೂ ಕಾಣದ ಕಿವುಡರಿಗಾದರೆ ಅವರ ಅಂಗೈ ಮೇಲೇ ಬರೆಯಬೇಕು. ಮುಟ್ಟಿ ಹೇಳಿಕೊಡಬೇಕಾಗಿ ಬರುವ ಅಕ್ಷರ ಇದು. ಬಳಪವನ್ನು ಮೇಲಿಂದ ಹಾಕಿಸಿಕೊಂಡ ಅಜ್ಜನ ಮೊಮ್ಮಕ್ಕಳು ನಾವು, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತೇವೆ. ಕೈ ಹಿಡಿಯಲು ಹಿಂಜರಿಯುವವರು ಈ ಪಾಠಕ್ಕೆ ಬರಬೇಡಿ.

ಅಕ್ಕ ಮೊದಲು ಕಲಿತದ್ದು ತನ್ನ ಹೆಸರು. 35ನೇ ವಯಸ್ಸಿಗೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳ ಬೆರಳಿಂದ ಬರಬೇಕಾದ್ದು. ಆ ಹೆಸರಿನಲ್ಲಿ ಮೂರು ಸಲ ಎ ಬರುತ್ತದೆ, ಮೂರು ಸಲ ಅವಳು ಹೆಬ್ಬೆರಳು ಮುಟ್ಟುತ್ತಾಳೆ. ಅವ್ವ ನೋಡಿ ಕಣ್ಣು ಒರೆಸಿಕೊಂಡಳು. ಕೇರಿಯ ಮಕ್ಕಳು ಒಂದು ವಾರದಲ್ಲಿ ಕಲಿತುಬಿಟ್ಟವು. ಈಗ ಅವು ದೂರದಿಂದ ಅವಳ ಹೆಸರನ್ನು ಬೆರಳಲ್ಲಿ ಕರೆಯುತ್ತವೆ.

2023ರ ಸೆಪ್ಟೆಂಬರಿನಲ್ಲಿ ಕಿವಿ ಕೇಳದ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ಸನ್ನೆಭಾಷೆಯ ದುಭಾಷಿಯ ನೆರವಿನಿಂದ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ವಾದಿಸಿದರು. ಆ ಸುದ್ದಿಯ ವಿಡಿಯೊವನ್ನು ಟೈಲರ್ ತಮ್ಮ ಅಕ್ಕನಿಗೆ ಕಳಿಸಿದ. ಕೋರ್ಟು ಎಂದರೆ ಏನು, ವಕೀಲರು ಏನು ಮಾಡುತ್ತಾರೆ ಎಂದು ಅವಳಿಗೆ ಸನ್ನೆಯಲ್ಲಿ ಬಿಡಿಸಿ ಹೇಳಿದ. ಹೊಲ, ಮನೆ, ಅಣ್ಣ, ತಮ್ಮ, ಪಾಲು ಅಂತ ಏನೇನೋ ಉದಾಹರಣೆ ಕೊಟ್ಟನಂತೆ. ನಮ್ಮ ಮನೆಯ ಕತೆ ಅವನಿಗೆ ಗೊತ್ತಿರಲಿಲ್ಲ.

ಮಾರನೆ ದಿನ ಅಕ್ಕ ನಮ್ಮೆದುರು ಬಂದು ನಿಂತಳು. ಗದ್ದೆ ಕಡೆ ಕೈ ತೋರಿಸಿದಳು. ಎಡ ಅಂಗೈ ಮೇಲೆ ಬಲಗೈಯಿಂದ ಕತ್ತರಿಸಿದಳು. ತನ್ನ ಎದೆ ಮುಟ್ಟಿಕೊಂಡಳು. ಹುಬ್ಬು ಎತ್ತಿ, ಕೊನೆಗೆ, 'ಎಲ್ಲಿ' ಅಂದಳು.

ಈ ಸಲ ನಾವು ಹೇಳಿದೆವು. ಹೊಸ ಸೀರೆಯ ದಿನ, ಕಚೇರಿ, ಹೆಬ್ಬೆಟ್ಟು, ಅಣ್ಣ. ಆಮೇಲೆ ಬಾಯಿಗೆ ಹೆಬ್ಬೆರಳು ಇಟ್ಟು, ಪೆನ್ನು ಹಿಡಿದು ಬರೆದಂತೆ ಮಾಡಿದೆವು. ನಾವೂ ಇದ್ದೆವು, ನಾವೇ ಸಹಿ ಮಾಡಿದೆವು.

ಅವಳು ಮುಖ ತಿರುಗಿಸಿದಳು. ಕಿವಿ ಕೇಳುವವರು ಮುಖ ತಿರುಗಿಸಿದರೂ ಬೆನ್ನ ಹಿಂದಿನ ಮಾತು ಕೇಳುತ್ತದೆ. ಅಕ್ಕ ಮುಖ ತಿರುಗಿಸಿದರೆ ಮಾತೇ ಬಂದ್. ಎರಡು ದಿನ ಹಾಗೇ ಇದ್ದಳು. ಮೂರನೆ ದಿನ ಬಂದು ಕಾಗದ ಕೇಳಿದಳು.

ಕಚೇರಿಯಿಂದ ಪತ್ರದ ದೃಢೀಕೃತ ನಕಲು ತಂದೆವು. ಒಂದೊಂದು ಸಾಲು ಓದಿ ಸನ್ನೆ ಮಾಡಿ ಹೇಳಿದೆವು, ತಿಳಿಯದಲ್ಲಿ ಟೈಲರ್ ತಮ್ಮನನ್ನು ಫೋನಿನಲ್ಲಿ ಕರೆದೆವು. ತನ್ನ ಹೆಬ್ಬೆಟ್ಟಿನ ಗುರುತಿನ ಮೇಲೆ ಅವಳು ಬೆರಳಿಟ್ಟು ಬಹಳ ಹೊತ್ತು ಕೂತಳು. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಪುಕ್ಕಟೆ ಕಾನೂನು ನೆರವು ಕೊಡಬೇಕೆಂದು 1987ರ ಕಾಯಿದೆಯಲ್ಲಿದೆ, ಅದಕ್ಕಾಗಿಯೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ನಮ್ಮಕ್ಕ ಆ ಮೂರೂ ಹೌದು. ಅರ್ಜಿ ಕೊಟ್ಟಿದ್ದಾಳೆ. ಅರ್ಜಿಯ ಕೆಳಗೆ ನಡುಗುವ ಕನ್ನಡ ಅಕ್ಷರದಲ್ಲಿ ಅವಳ ಸಹಿ ಇದೆ.

ಅಣ್ಣ ನಮ್ಮ ಜೊತೆ ಮಾತು ಬಿಟ್ಟಿದ್ದಾನೆ. "ಕಲ್ತವ್ರು ಮನೆ ಒಡೀತ್ರು" ಅಂತ ಕೇರಿಯಲ್ಲಿ ಹೇಳಿಕೊಂಡು ತಿರುಗುತ್ತಾನೆ. ಅವನ ಮೇಲೆ ಸಾಲದ ಹೊರೆ ಇದೆ, ಅದೂ ನಮಗೆ ಗೊತ್ತು. 20 ಗುಂಟೆಯಲ್ಲಿ ಅಕ್ಕನ ಪಾಲು ಕಾಲುಭಾಗ, ಐದು ಗುಂಟೆ. ಐದು ಗುಂಟೆಗೆ ಇಷ್ಟೆಲ್ಲಾ ಬೇಕಿತ್ತಾ ಅಂತ ಅವ್ವನೂ ಕೇಳುತ್ತಾಳೆ. ಅಜ್ಜ ಒಡೆಯರೆದುರು ನಿಂತಾಗ ಊರೂ ಹೀಗೇ ಕೇಳಿತ್ತು.

ಕಾಡಿನ ಶಾಲೆಗಳ ಶಿಕ್ಷಕ ಬಂಧುಗಳಿಗೆ ಎರಡು ಮಾತು. ನಿಮ್ಮ ಹಾಜರಿ ಪುಸ್ತಕದಲ್ಲಿ ಓ ಅನ್ನದ ಒಂದು ಹೆಸರು ಇದ್ದರೆ ಆ ಕೂಸಿನ ಕೈ ನೋಡಿರಿ. ಗೋಡೆಗೆ ಅಕ್ಷರ ಬರೆಯುವ ಮೊದಲು ಆ ಅಕ್ಷರದಲ್ಲಿ ಬದುಕುವ ಒಬ್ಬರನ್ನು ಹುಡುಕಿ ಕೇಳಿರಿ, ಟೈಲರ್ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಸಿಕ್ಕೇ ಸಿಗುತ್ತಾರೆ. ಕವಿಮಿತ್ರರಿಗೆ ಒಂದು ಮಾತು. ವ್ಯವಸ್ಥೆಯನ್ನು ಕಿವುಡು ಅಂತ ಬೈಯುವುದನ್ನು ನಾವು ಬಿಟ್ಟಿದ್ದೇವೆ. ವ್ಯವಸ್ಥೆಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

ಸಮಿತಿಯಿಂದ ಕರೆ ಬಂದ ದಿನ ನಾವೂ ಅಕ್ಕನ ಜೊತೆ ಹೋಗುತ್ತೇವೆ. ಸಾಕ್ಷಿ ಹೇಳಬೇಕಾಗಿದೆ. 2019ರಲ್ಲಿ ಹಾಕಿದ ಸಹಿ ನಮ್ಮದೇ, ಆ ಹೆಬ್ಬೆಟ್ಟಿಗೆ ಕಾಗದದಲ್ಲಿ ಏನಿದೆಯೆಂದು ಯಾರೂ ಹೇಳಿರಲಿಲ್ಲ ಎಂದು.